ಮೀನಿಗೆ ಒಗ್ಗಿದ ನೀರು

ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟವರೆಲ್ಲರೂ ತಾವು ಮೀನು ಸಾಕುತ್ತಿದ್ದೇವೆ ಎಂದೇ ತಿಳಿದಿರುತ್ತಾರೆ. ಆರು ತಿಂಗಳು ಕಳೆದ ಮೇಲೆ ಗೊತ್ತಾಗುತ್ತದೆ, ತಾವು ಸಾಕುತ್ತಿರುವುದು ನೀರನ್ನು ಎಂದು. ಮೀನು ಪಾಪದ ಪ್ರಾಣಿ. ಕಾಳು ಹಾಕಿದರೆ ತಿನ್ನುತ್ತದೆ, ಹಾಕದಿದ್ದರೆ ನಾಲ್ಕು ಸಲ ಬಾಯಿ ತೆರೆದು ಮುಚ್ಚಿ ಸುಮ್ಮನಾಗುತ್ತದೆ. ಮುನಿಯುವುದು, ಹಟ ಹಿಡಿಯುವುದು, ಹೊರಗೆ ತಿಳಿಯಾಗಿ ಕಾಣುತ್ತ ಒಳಗೊಳಗೇ ಕೆಡುವುದು, ಇವೆಲ್ಲ ನೀರಿನ ಗುಣಗಳು. ನೀರಿನ ಸ್ವಭಾವ ತಿಳಿಯದೆ ಮೀನು ಸಾಕಲು ಹೊರಟವನು, ಹಸುವಿನ ಸ್ವಭಾವ ತಿಳಿಯದೆ ಚೊಂಬು ಹಿಡಿದು ಹಾಲು ಕರೆಯಲು ಕುಳಿತವನ ಹಾಗೆ.

ಹೊಳೆಯ ದಂಡೆಯ ಊರುಗಳಲ್ಲಿ ಇದೊಂದು ದೊಡ್ಡ ಮಾತಲ್ಲದಿರಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಾವು ನೀರನ್ನು ಬಿಂದಿಗೆಯ ಲೆಕ್ಕದಲ್ಲಿ ಬಳಸಿ ಬೆಳೆದವರು. ಪಾಲಾರು ನಮ್ಮ ಜಿಲ್ಲೆಯನ್ನು ಹಾದು ಹೋಗುತ್ತದೆಂದು ಭೂಗೋಳದ ಪುಸ್ತಕದಲ್ಲಿ ಬರೆದಿದೆ. ಅದು ನಿಜವಾಗಿ ಹರಿದ ವರ್ಷವನ್ನು ಮಾತ್ರ ಜನ ಜಾತ್ರೆಯನ್ನು ನೆನೆದಂತೆ ನೆನೆಯುತ್ತಾರೆ. ಹಿಂದಿನವರು ಕೆರೆ ಕಟ್ಟಿದರು, ಅವರ ಮಕ್ಕಳು ಬಾವಿ ತೋಡಿದರು, ನಾವು ಕಲ್ಲಿನೊಳಕ್ಕೆ ಸಾವಿರ ಅಡಿ, ಸಾವಿರದೈನೂರು ಅಡಿ ಕೊಳವೆ ಇಳಿಸಿದೆವು. ಇಂಥ ಸೀಮೆಯಲ್ಲಿ ಚೆಂದಕ್ಕಾಗಿ ಮೀನು ಸಾಕುತ್ತೇನೆ ಎನ್ನುವವನು ನಾಲ್ಕು ಜನಕ್ಕೆ ಉತ್ತರ ಹೇಳಬೇಕಾಗುತ್ತದೆ.

ನಾನು ಮೊದಲು ಉತ್ತರ ಹೇಳಬೇಕಾದದ್ದು ಮನೆಯಲ್ಲಿಯೇ. ಮೂರನೆಯ ತರಗತಿಯಲ್ಲಿರುವ ಮೊಮ್ಮಗಳು ಒಂದು ತೊಟ್ಟಿ ಬೇಕೆಂದು ಊಟ ಬಿಟ್ಟಳು. ನನ್ನಾಕೆ, “ಮನುಷ್ಯರಿಗೇ ನೀರಿಲ್ಲ, ಮೀನಿಗೆ ಅರಮನೆಯೆ?” ಎಂದಳು. ಕೊನೆಗೆ ಎರಡು ಷರತ್ತುಗಳ ಮೇಲೆ ಒಪ್ಪಂದವಾಯಿತು. ಒಂದು, ಕುಡಿಯಲು ಘಟಕದಿಂದ ಹೊತ್ತು ತರುವ ಕ್ಯಾನಿನ ನೀರನ್ನು ಮೀನಿಗಾಗಿ ಮುಟ್ಟಕೂಡದು. ಎರಡು, ತೊಟ್ಟಿಯಿಂದ ತೆಗೆದ ಒಂದು ತೊಟ್ಟು ನೀರೂ ಮೋರಿಗೆ ಹೋಗಕೂಡದು. ಕರಿಬೇವಿನ ಗಿಡಕ್ಕೆ ಹೋಗಬೇಕು. ಹೀಗೆ ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಎತ್ತರಗಳ ತೊಟ್ಟಿ ಮನೆಗೆ ಬಂತು. ಮರಳು ಹಾಕಿ, ಮೇಲೆ ಎರಡು ಬೆರಳು ಬಿಟ್ಟು ತುಂಬಿದರೆ ಸುಮಾರು ೪೦ ಲೀಟರು. ಅದರ ಜೊತೆಗೆ ಒಂದು ಪುಟ್ಟ ಶೀಶೆಯೂ ಬಂತು. ಐದು ಮಿಲಿಲೀಟರು ನೀರಿಗೆ ಅದರಿಂದ ಒಂದೆರಡು ಹನಿ ಬಿಟ್ಟರೆ ನೀರು ಬಣ್ಣ ತಿರುಗುತ್ತದೆ: ಹಳದಿಯಾದರೆ ಹುಳಿ, ಹಸಿರಾದರೆ ಸಮ, ನೀಲಿಯಾದರೆ ಚೌಳು. ಈ ಹುಳಿ ಚೌಳುಗಳ ಅಳತೆಗೆ ಪಿಎಚ್ ಎಂದು ಹೆಸರು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನಾದ್ದರಿಂದ ಆ ಶೀಶೆಯ ಉಸ್ತುವಾರಿ ನನ್ನ ಪಾಲಿಗೆ ಬಂತು.

ಹೆಸರು ಹೊಸದಾದರೂ ಸಂಗತಿ ನಮ್ಮ ಮನೆಗಳಿಗೆ ಹಳೆಯದು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಅದು ಕೆಂಪಾಗುತ್ತದೆ. ಆ ಕೆಂಪು ನೀರಿನಿಂದ ಮದುಮಕ್ಕಳಿಗೆ ಆರತಿ ಎತ್ತುತ್ತೇವೆ. ಅದೇ ನೀರಿಗೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಆರತಿ ತಟ್ಟೆಯ ಈ ಆಟವೇ ಶೀಶೆಯೊಳಗಿನ ಆಟ. ಅರಿಶಿನ ಕೆಂಪಾಗಬೇಕಾದರೆ ನೀರು ಚೆನ್ನಾಗಿ ಚೌಳಾಗಬೇಕು, ಮೀನಿನ ನೀರಿನ ನವುರಾದ ಏರಿಳಿತಕ್ಕೆ ಅದು ಸಾಲದು, ಅಷ್ಟೇ ವ್ಯತ್ಯಾಸ. ಅಂಕಿಯನ್ನು ಕೊಟ್ಟವನು ಸೋರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞ. ೧೯೦೯ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ, ಕಾರ್ಲ್ಸ್‌ಬರ್ಗ್ ಎಂಬ ಬಿಯರು ಕಾರ್ಖಾನೆಗೆ ಸೇರಿದ ಪ್ರಯೋಗಾಲಯದಲ್ಲಿ. ಹೆಂಡದ ಮನೆಯಲ್ಲಿ ಹುಟ್ಟಿದ ಅಂಕಿ ಈಗ ದೇವಸ್ಥಾನದ ಕಲ್ಯಾಣಿಯ ನೀರನ್ನೂ ಅಳೆಯುತ್ತದೆ. ಸೊನ್ನೆಯಿಂದ ೧೪ರವರೆಗೆ ಅದರ ಮೆಟ್ಟಿಲು. ನಡುವಿನ ೭ ಸಮ, ಕೆಳಗಿನದು ಹುಳಿ, ಮೇಲಿನದು ಚೌಳು. ಒಂದೊಂದು ಮೆಟ್ಟಿಲೂ ಹತ್ತರಷ್ಟು ಎಂಬುದನ್ನು ಮರೆಯಬಾರದು. ೮ರಿಂದ ೭ಕ್ಕೆ ಇಳಿದರೆ ಹುಳಿ ಹತ್ತು ಪಟ್ಟು, ೬ಕ್ಕೆ ಇಳಿದರೆ ನೂರು ಪಟ್ಟು. “ಬರೀ ಎರಡು ಅಂಕಿ ತಾನೆ” ಎನ್ನುವವರು ಈ ನೂರನ್ನು ನೆನೆಯಬೇಕು.

ನಮ್ಮ ಜಿಲ್ಲೆಗೆ ಈ ಲೆಕ್ಕ ಹೊಸದೂ ಅಲ್ಲ, ಆಟದ ಸಾಮಾನೂ ಅಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಅರೆದ ಕಲ್ಲಿನಿಂದ ಚಿನ್ನ ತೆಗೆಯಲು ಸಯನೈಡ್ ದ್ರಾವಣ ಬಳಸುತ್ತಿದ್ದರು. ಆ ದ್ರಾವಣಕ್ಕೆ ಸುಣ್ಣ ಬೆರೆಸಿ ಚೌಳಾಗಿಯೇ ಇರುವಂತೆ ಕಾಯಬೇಕು. ಹುಳಿಯ ಕಡೆಗೆ ಜಾರಿತೆಂದರೆ ಸಯನೈಡು ವಿಷಗಾಳಿಯಾಗಿ ಮೇಲೇಳುತ್ತದೆ. ಗಣಿ ೨೦೦೧ರಲ್ಲಿ ಮುಚ್ಚಿತು, ದಿಬ್ಬಗಳು ಉಳಿದಿವೆ. ಇಷ್ಟು ಹತ್ತಿರದಲ್ಲಿ ಮನುಷ್ಯರ ಪ್ರಾಣ ಕಾದ ಅಂಕಿಯನ್ನು ಐದು ಮೀನುಗಳ ಸಲುವಾಗಿ ಅಳೆಯುವಾಗ ಸ್ವಲ್ಪ ಗೌರವದಿಂದಲೇ ಅಳೆಯಬೇಕು.

ನಮ್ಮ ಕೊಳವೆಬಾವಿಯ ನೀರನ್ನು ನಲ್ಲಿಯಿಂದ ಹಿಡಿದು ಆಗಲೇ ಪರೀಕ್ಷಿಸಿದಾಗ ಹಸಿರಿಗಿಂತ ಚೂರು ನೀಲಿ. ಅದೇ ನೀರನ್ನು ಬಕೆಟ್ಟಿನಲ್ಲಿಟ್ಟು, ಗಾಳಿಪಂಪು ಹಾಕಿ, ಮಾರನೆಯ ದಿನ ನೋಡಿದರೆ ಕಡು ನೀಲಿ. “ತಾತ, ರಾತ್ರಿ ಯಾರಾದರೂ ಏನಾದರೂ ಹಾಕಿದರೆ?” ಎಂದು ಮೊಮ್ಮಗಳು ಕೇಳಿದಳು. ಯಾರೂ ಹಾಕಲಿಲ್ಲ, ನೀರೇ ಬಿಟ್ಟುಕೊಟ್ಟಿತು. ಆಳದ ಬಂಡೆಯ ನಡುವೆ ಒತ್ತಡದಲ್ಲಿರುವ ನೀರಿನಲ್ಲಿ ಇಂಗಾಲದ ಅನಿಲ ಕರಗಿರುತ್ತದೆ. ಸೋಡದ ಬಾಟಲಿಯಲ್ಲಿರುವುದೂ ಅದೇ. ಅದು ಇರುವಷ್ಟು ಹೊತ್ತು ನೀರು ಸ್ವಲ್ಪ ಹುಳಿಯ ಕಡೆಗಿರುತ್ತದೆ. ಗಾಳಿಗೆ ಬಂದು ಅನಿಲ ಹಾರಿಹೋದ ಮೇಲೆ ನೀರಿನ ನಿಜವಾದ ಗುಣ ಹೊರಬೀಳುತ್ತದೆ. ಆದ್ದರಿಂದ ಕೊಳವೆಬಾವಿಯ ನೀರನ್ನು ಒಂದು ದಿನ ಇಟ್ಟು ಅಳೆಯಬೇಕು, ಇಟ್ಟ ನೀರನ್ನೇ ತೊಟ್ಟಿಗೆ ಹಾಕಬೇಕು. ಸಾಮಾನ್ಯವಾದ ಶೀಶೆಯ ಬಣ್ಣ ಸುಮಾರು ೭.೬ಕ್ಕೆ ಪೂರ್ತಿ ನೀಲಿಯಾಗಿ ನಿಂತುಬಿಡುತ್ತದೆ. ಮುಂದಕ್ಕೆ ೮ ಆದರೂ ೯ ಆದರೂ ಅದೇ ನೀಲಿ. ನಮ್ಮ ಸೀಮೆಯವರು ಚೌಳಿಗೆಂದೇ ಇರುವ ಇನ್ನೊಂದು ಶೀಶೆಯನ್ನೂ ತರಿಸಿಕೊಳ್ಳಬೇಕು. ಅದರಲ್ಲಿ ನೋಡಿದಾಗ ನಮ್ಮ ನೀರು ೮ರ ಆಸುಪಾಸಿನಲ್ಲಿತ್ತು.

ಎಂಟು ಎಂದೊಡನೆ ಹೆದರುವವರುಂಟು. ನಮ್ಮ ನೆರೆಮನೆಯ ನಿವೃತ್ತ ಶಿರಸ್ತೇದಾರರು ಅಂಥವರು. ಅವರೂ ಒಂದು ತೊಟ್ಟಿ ಇಟ್ಟಿದ್ದರು. ಅದರಲ್ಲಿ ನಿಯಾನ್ ಟೆಟ್ರಾ ಎಂಬ, ಮೈಮೇಲೆ ನೀಲಿ ದೀಪದ ಗೆರೆಯೆಳೆದಂಥ ಪುಟ್ಟ ಮೀನುಗಳು. ಅವುಗಳ ತೌರು ಅಮೆಜಾನಿನ ಕಾಡು. ಅಲ್ಲಿನ ನೀರು ಉದುರಿದ ಎಲೆಗಳ ಕಷಾಯದಂತೆ ಮೆದು, ಹುಳಿ. ಪುಸ್ತಕದಲ್ಲಿ ಆ ಮೀನಿಗೆ ಆರೂವರೆ ಎಂದಿತ್ತು. ಶಿರಸ್ತೇದಾರರು ಜೀವಮಾನವೆಲ್ಲ ದಾಖಲೆಗೂ ಜಮೀನಿಗೂ ತಾಳೆ ನೋಡಿದವರು. ತಾಳೆಯಾಗದ್ದನ್ನು ಹಾಗೇ ಬಿಡುವವರಲ್ಲ. ಪ್ರತಿದಿನ ಬೆಳಗ್ಗೆ ತೊಟ್ಟಿಗೆ ನಿಂಬೆಹಣ್ಣಿನ ರಸ ಅಳೆದು ಹಾಕಿ, ಬಣ್ಣ ನೋಡಿ, ಒಂದು ಪುಸ್ತಕದಲ್ಲಿ ಬರೆದಿಡಲು ತೊಡಗಿದರು.

ಮೊದಲ ದಿನ ಅಂಕಿ ಇಳಿಯಿತು. ಅವರು ಬೇಲಿಯ ಆಚೆಯಿಂದಲೇ, “ಮೇಷ್ಟ್ರೇ, ದಾರಿಗೆ ಬಂತು!” ಎಂದು ಕೂಗಿದರು. ಮಾರನೆಯ ಬೆಳಗ್ಗೆ ನೋಡಿದರೆ ಅಂಕಿ ಬಹುಮಟ್ಟಿಗೆ ಹಿಂದಿನ ಜಾಗಕ್ಕೇ ಬಂದಿತ್ತು. ಮತ್ತೆ ರಸ, ಮತ್ತೆ ಇಳಿತ, ಮತ್ತೆ ಏರಿಕೆ. ಎಂಟು ಹತ್ತು ದಿನ ಹೀಗೆ ನಡೆಯಿತು. ಒಂದು ದಿನ ನೀರು ಬೆಳ್ಳಗೆ ಕದಡಿ, ಅಂಕಿ ಹೇಳದೆ ಕೇಳದೆ ಪಾತಾಳಕ್ಕೆ ಇಳಿದು, ಸಂಜೆಯೊಳಗೆ ಟೆಟ್ರಾಗಳು ಒಂದೊಂದಾಗಿ ಮೇಲೆ ತೇಲಿದವು. ಮುದುಕರು ಅಂದು ಊಟ ಮಾಡಲಿಲ್ಲವೆಂದು ಅವರ ಸೊಸೆ ಹೇಳಿದಳು.

ಆದದ್ದು ಇಷ್ಟು. ನಮ್ಮ ನೀರು ಕಗ್ಗಲ್ಲಿನ ಸಂದಿಯಲ್ಲಿ ಬಹುಕಾಲ ನಿಂತು, ಕಲ್ಲಿನ ಸಾರವನ್ನು ಕುಡಿದು ಬಂದದ್ದು. ಅದರಲ್ಲಿ ಬೈಕಾರ್ಬೊನೇಟು ಎಂಬ ಅಂಶ ಧಾರಾಳವಾಗಿರುತ್ತದೆ. ಹುಳಿ ಬಂದೊಡನೆ ಅದು ಮುಂದೆ ಹೋಗಿ ಹುಳಿಯನ್ನು ನುಂಗಿ, ಇಂಗಾಲದ ಅನಿಲವಾಗಿ ಒಡೆಯುತ್ತದೆ. ಆ ಅನಿಲ ನೀರಿನಲ್ಲಿರುವ ತನಕ ಅಂಕಿ ಇಳಿದಂತೆ ಕಾಣುತ್ತದೆ. ಹಾರಿಹೋದ ಮೇಲೆ ಉಳಿದ ಬೈಕಾರ್ಬೊನೇಟು ನೀರನ್ನು ಮತ್ತೆ ಮೇಲಕ್ಕೆತ್ತುತ್ತದೆ. ಇದನ್ನು ನೀರಿನ ಗಂಟು ಎನ್ನೋಣ. ಕಷ್ಟಕಾಲಕ್ಕೆ ಮುಡಿಪಿಟ್ಟ ಹಣದಂತೆ. ಶಿರಸ್ತೇದಾರರು ದಿನವೂ ಆ ಗಂಟಿನಿಂದ ಸ್ವಲ್ಪ ಸ್ವಲ್ಪ ಕರಗಿಸುತ್ತಿದ್ದರು. ಗಂಟು ಇರುವಷ್ಟು ದಿನ ಅಂಕಿ ಅಲುಗಿ ಅಲುಗಿ ನಿಂತಿತು. ಖರ್ಚಾದ ದಿನ ಹಿಡಿಯುವವರಿಲ್ಲದೆ ಬಿತ್ತು. ಜೊತೆಗೆ ನಿಂಬೆಯ ರಸ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವು ಬೆಳೆದು ನೀರನ್ನು ಕದಡಿಸಿ, ಮೀನು ಉಸಿರಾಡುವ ಪ್ರಾಣವಾಯುವನ್ನೂ ತಾವೇ ಕಬಳಿಸಿದವು. ಟೆಟ್ರಾಗಳನ್ನು ಕೊಂದದ್ದು ಎಂಟೂ ಅಲ್ಲ, ಆರೂ ಅಲ್ಲ. ದಿನದಿನದ ಆ ತೂಗುಯ್ಯಾಲೆ, ಮತ್ತು ಕೊನೆಯ ದಿನದ ಆ ಬೀಳು. ಒಂದೇ ಅಂಕಿಯ ಮೇಲೆ ನಿಂತ ನೀರಿಗೆ ಎಷ್ಟೋ ಮೀನುಗಳು ಒಗ್ಗಿಕೊಳ್ಳುತ್ತವೆ. ಗಳಿಗೆಗೊಂದು ಗುಣದ ನೀರಿಗೆ ಯಾವುದೂ ಒಗ್ಗುವುದಿಲ್ಲ.

ಹಾಗಾದರೆ ಕೋಲಾರದವರು ಏನು ಸಾಕಬೇಕು? ಚೌಳು ಗಡಸು ನೀರನ್ನು ಮೆಚ್ಚುವ ಮೀನುಗಳನ್ನೇ ಸಾಕಬೇಕು. ನಮ್ಮ ತೊಟ್ಟಿಯಲ್ಲಿ ಇರುವುದು ಗಪ್ಪಿ. ಇದರ ತೌರು ದಕ್ಷಿಣ ಅಮೆರಿಕದ ಉತ್ತರದ ಅಂಚು ಮತ್ತು ಟ್ರಿನಿಡಾಡ್ ದ್ವೀಪ; ಅಲ್ಲಿದ್ದ ಗಪ್ಪಿ ಎಂಬ ಮಹನೀಯನ ಹೆಸರೇ ಇದಕ್ಕೆ ಉಳಿಯಿತು. ಸೊಳ್ಳೆಯ ಮರಿಗಳನ್ನು ತಿನ್ನುವ ಇದರ ಚಪಲವನ್ನು ಕಂಡು ಆರೋಗ್ಯ ಇಲಾಖೆಯವರು ಮಲೇರಿಯ ತಡೆಯಲು ನಮ್ಮ ಹಳ್ಳಿಗಳ ಬಾವಿ ತೊಟ್ಟಿಗಳಿಗೆ ಬಿಟ್ಟರು. ಅಂಗಡಿಯ ಬಣ್ಣದ ಬಾಲದ ಗಪ್ಪಿಗೂ ಬಾವಿಯ ಬೂದು ಗಪ್ಪಿಗೂ ಕುಲ ಒಂದೇ. ಏಳರಿಂದ ಎಂಟರವರೆಗಿನ ನೀರಿನಲ್ಲಿ ಅದು ಮಕ್ಕಳು ಮೊಮ್ಮಕ್ಕಳೊಡನೆ ಸುಖವಾಗಿರುತ್ತದೆ. ಮಾಲಿ ಎಂಬ ಇನ್ನೊಂದು ಮೀನಿಗೂ ಇಂಥ ನೀರೇ ಇಷ್ಟ. ಸೊಸೆಯನ್ನು ತಿದ್ದುವುದಕ್ಕಿಂತ ಮನೆಗೆ ಹೊಂದುವ ಸೊಸೆಯನ್ನು ತರುವುದು ಲೇಸೆಂದು ನನ್ನಾಕೆ ಇದಕ್ಕೆ ವ್ಯಾಖ್ಯಾನ ಮಾಡಿದಳು. ನಮ್ಮ ಸೊಸೆ ಅಡುಗೆಮನೆಯಿಂದ, “ಮನೆಯನ್ನು ತಿದ್ದಿದರೂ ಆಗುತ್ತದೆ ಅತ್ತೆ” ಎಂದಳು.

ಬೇಸಿಗೆಯ ರಜೆ ಬಂತು. ಮೊಮ್ಮಗಳಿಗೆ ನೆಂಟರ ಮನೆಗಳ ಸಂಚಾರ. ಬಟ್ಟೆಯ ಚೀಲದಲ್ಲಿ ಶೀಶೆಗಳೂ ಹೊರಟವು. ಅವಳ ಕಾವಲಿಗೆ ನಾನೂ ಹೊರಟೆ.

ಮೊದಲು ಮಾಲೂರು. ಅಲ್ಲಿ ನನ್ನ ತಂಗಿಯ ಮಗ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು ಒಂದು ಕೋಣೆ ಹಿಡಿದಿದ್ದಾನೆ. ಅವನದೂ ಒಂದು ತೊಟ್ಟಿ. ಅವನು ಉದಾರಿ. “ಮಾವ, ನಾನು ಕುಡಿಯುವ ನೀರನ್ನೇ ಮೀನಿಗೂ ಹಾಕುತ್ತೇನೆ” ಎಂದು ಹೆಮ್ಮೆಯಿಂದ ಹೇಳಿದ. ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿಕೊಳ್ಳುವ ಘಟಕದ ನೀರು ಅದು. ನೋಡಿದರೆ ಸ್ಫಟಿಕ. ಹನಿ ಬಿಟ್ಟರೆ ನಿಂಬೆಹಣ್ಣಿನ ಹಳದಿ, ಆರಕ್ಕೂ ಕೆಳಗೆ. ಮೀನುಗಳು ಮೂಲೆಯಲ್ಲಿ ಮಂಕಾಗಿದ್ದವು. ಹಿಂದಿನ ತಿಂಗಳು ಯಾರೋ ಹೇಳಿದರೆಂದು ಅರ್ಧ ತೊಟ್ಟಿಯನ್ನು ಒಮ್ಮೆಗೇ ನಲ್ಲಿಯ ನೀರಿನಿಂದ ತುಂಬಿದಾಗ ಎರಡು ಮೀನು ಸತ್ತವಂತೆ.

ಘಟಕದ ಯಂತ್ರ ನೀರನ್ನು ತೆಳ್ಳನೆಯ ಪೊರೆಯ ಮೂಲಕ ಒತ್ತಿ, ಕರಗಿದ ಲವಣಗಳನ್ನು ಬಹುಪಾಲು ತೆಗೆದುಬಿಡುತ್ತದೆ. ಕುಡಿಯಲು ಹಗುರ, ಆದರೆ ನೀರಿನ ಗಂಟೂ ಅದರೊಡನೆ ಹೋಯಿತು. ಮೀನಿನ ಹೇಲು ಉಚ್ಚೆಗಳಿಂದ, ತಿನ್ನದೆ ಬಿಟ್ಟ ಕಾಳಿನಿಂದ ಅಮೋನಿಯ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಮನೆಮಾಡಿರುವ ಕಣ್ಣಿಗೆ ಕಾಣದ ಜೀವಿಗಳು ಅದನ್ನು ಮೊದಲು ನೈಟ್ರೈಟಾಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಈ ಉಪಕಾರದಲ್ಲಿ ಸ್ವಲ್ಪ ಹುಳಿಯೂ ಹುಟ್ಟುತ್ತದೆ. ಗಂಟುಳ್ಳ ನೀರು ಅದನ್ನು ನುಂಗಿಕೊಂಡೀತು. ಕ್ಯಾನಿನ ನೀರು ಬಡವ, ವಾರದಿಂದ ವಾರಕ್ಕೆ ಇಳಿಯುತ್ತ ಹೋಗುತ್ತದೆ. ಆರರ ಕೆಳಗೆ ಆ ಜೀವಿಗಳ ಕೆಲಸವೂ ಮಂದ. ಅಮೋನಿಯ ಒಟ್ಟುಗೂಡುತ್ತದೆ, ಹುಳಿ ನೀರಿನಲ್ಲಿ ಅದು ಅಮೋನಿಯಮ್ ಎಂಬ ರೂಪದಲ್ಲಿ, ಹಾವು ಬುಟ್ಟಿಯಲ್ಲಿರುವಂತೆ ಮಲಗಿರುತ್ತದೆ. ಚೌಳು ನೀರನ್ನು ಒಮ್ಮೆಗೇ ಸುರಿದರೆ ಬುಟ್ಟಿ ತೆರೆದಂತೆ: ಅದು ಮತ್ತೆ ವಿಷದ ಅಮೋನಿಯವಾಗುತ್ತದೆ. ಒಳ್ಳೆಯ ನೀರು ಹಾಕಿದರೂ ಮೀನು ಸತ್ತಿತು ಎಂದು ಎಷ್ಟೋ ಜನ ಗೋಳಾಡುವುದರ ಗುಟ್ಟು ಇದು.

ನಾವು ಎರಡು ದಿನ ಅಲ್ಲಿದ್ದು ಕ್ರಮ ಹೇಳಿಕೊಟ್ಟೆವು. ಕಾಳು ಅರ್ಧಕ್ಕಿಳಿಸುವುದು. ಮೊದಲ ಕೆಲವು ದಿನ ಕ್ಯಾನಿನ ನೀರಿನಿಂದಲೇ ಸ್ವಲ್ಪ ಸ್ವಲ್ಪ ಬದಲಾಯಿಸಿ ಒಟ್ಟುಗೂಡಿದ ಕೊಳೆಯನ್ನು ತೆಳುವಾಗಿಸುವುದು. ಆಮೇಲೆ ದಿನಕ್ಕೊಂದು ಚೊಂಬು, ಹಿಂದಿನ ದಿನ ಹಿಡಿದಿಟ್ಟ ಕೊಳವೆಬಾವಿಯ ನೀರು. ಫಿಲ್ಟರಿನಲ್ಲಿ ಕುಟ್ಟಿದ ಚಿಪ್ಪಿನ ಪುಟ್ಟ ಗಂಟೊಂದನ್ನು ಇಡುವುದು. ನೀರು ಹುಳಿಯಾದಷ್ಟೂ ಅದು ಕರಗುತ್ತದೆ, ಸಮವಾದಂತೆ ತಾನೇ ನಿಧಾನಿಸುತ್ತದೆ. ಅವನು ಪಾಲಿಸಿದ. ಮೀನುಗಳು ಮೂಲೆ ಬಿಟ್ಟು ಹೊರಬಂದುವೆಂದು ಮೂರು ವಾರದ ಮೇಲೆ ಫೋನು ಮಾಡಿದ.

ಮುಳಬಾಗಿಲಿನಲ್ಲಿ ನನ್ನ ಅಕ್ಕನ ಮನೆ. ಅವಳು ಮೀನು ಸಾಕಿಲ್ಲ. ಆದರೆ ನೀರಿನ ಶಾಸ್ತ್ರದಲ್ಲಿ ನನಗಿಂತ ಮುಂದು. ಮಾಳಿಗೆಯ ಮಳೆನೀರನ್ನು ಬಟ್ಟೆಯಲ್ಲಿ ಸೋಸಿ ಡ್ರಮ್ಮಿನಲ್ಲಿ ಹಿಡಿಯುತ್ತಾಳೆ. “ಬೋರಿನ ನೀರಿನಲ್ಲಿ ಬೇಳೆ ಮೂರು ಗಂಟೆ ಕುದಿದರೂ ಕಲ್ಲು, ಮಳೆ ನೀರಿನಲ್ಲಿ ಬೆಣ್ಣೆ” ಎಂಬುದು ಅವಳ ಸಿದ್ಧಾಂತ. ಬೇಳೆ ಬೇಯದಿರುವುದು, ಸಾಬೂನು ನೊರೆ ಬಾರದಿರುವುದು, ಹಂಡೆಯ ಒಳಗೆ ಬೆಳ್ಳಗೆ ಪದರ ಕಟ್ಟುವುದು, ಇವು ಗಡಸುತನದ ಗುರುತು. ಗಡಸು ಬೇರೆ, ಚೌಳು ಬೇರೆ. ನಮ್ಮ ಕಡೆ ಎರಡೂ ಜೊತೆಯಲ್ಲಿ ಓಡಾಡುವುದರಿಂದ ಜನ ಒಂದೇ ಎಂದುಕೊಂಡಿದ್ದಾರೆ.

ಮಳೆಯ ನೀರಿನ ಬಣ್ಣ ಹಳದಿ. “ಮಳೆ ನೀರೇ ಹುಳಿಯೆ!” ಎಂದು ಅಕ್ಕ ಬೆರಗಾದಳು. ಗಾಳಿಯಲ್ಲಿರುವ ಇಂಗಾಲದ ಅನಿಲವನ್ನು ಹೀರಿ ಬರುವ ಮಳೆ ಸುಮಾರು ೫.೬ರಷ್ಟು ಹುಳಿಯಾಗಿರುವುದು ಸಹಜ. ಅದರಿಂದ ಯಾರಿಗೂ ಬಾಧಕವಿಲ್ಲ. ಆದರೆ ಅದರಲ್ಲಿಯೂ ಗಂಟಿಲ್ಲ. ಒಂದು ಚಮಚ ಬೋರಿನ ನೀರು ಬಿದ್ದರೆ ಸಾಕು, ತನ್ನ ಹುಳಿಯನ್ನು ಮರೆತುಬಿಡುತ್ತದೆ. ನನಗೆ ಅಲ್ಲಿ ಒಂದು ಉಪಾಯ ಹೊಳೆಯಿತು. ಟೆಟ್ರಾ, ಏಂಜೆಲ್‌ಗಳಂಥ ಮೆದು ನೀರಿನ ಮೀನನ್ನೇ ಸಾಕಬೇಕೆಂಬ ಹಟವಿದ್ದವರು ನಿಂಬೆಗೂ ಬೇಡ, ಅಂಗಡಿಯ ಔಷಧಿಗೂ ಬೇಡ. ಮಳೆನೀರನ್ನು ಬೋರಿನ ನೀರಿನೊಡನೆ ಬಕೆಟ್ಟಿನಲ್ಲಿ ಬೆರೆಸಿ, ಒಂದು ದಿನ ಬಿಟ್ಟು ಅಳೆದು, ಪ್ರತಿವಾರವೂ ಅದೇ ಪ್ರಮಾಣವನ್ನು ಕಾಪಾಡಿಕೊಂಡು ಬರಬೇಕು. ಗಂಟು ಪೂರ್ತಿ ಹೋಗದೆ ತಗ್ಗುತ್ತದೆ. ಅಂಕಿ ತಗ್ಗಿದ ಜಾಗದಲ್ಲಿ ನಿಲ್ಲುತ್ತದೆ. ಹೀಗೆ ಮೆದುವಾದ ನೀರಿನಲ್ಲಿ ಒಣಗಿದ ಕಾಡುಬಾದಾಮಿಯ ಎಲೆಯೊಂದನ್ನು ನೆನೆಯಬಿಟ್ಟರೆ, ಅದು ಚಹದ ಬಣ್ಣ ಬಿಟ್ಟು ಮೆಲ್ಲಗೆ ಹುಳಿಯ ಕಡೆಗೆ ಒಲಿಸುತ್ತದೆ. ಗಂಟು ತುಂಬಿದ ಬೋರಿನ ನೀರಿನಲ್ಲಿ ಅದೇ ಎಲೆ ಬಣ್ಣ ಬಿಡುತ್ತದೆಯೇ ಹೊರತು ಅಂಕಿಯನ್ನು ಅಲುಗಿಸುವುದಿಲ್ಲ. ನಮ್ಮ ಶಿರಸ್ತೇದಾರರು ಈಗ ಡ್ರಮ್ಮು ಇಟ್ಟಿದ್ದಾರೆ.

ಕೊನೆಗೆ ಶ್ರೀನಿವಾಸಪುರ. ನನ್ನ ಭಾವಮೈದುನನ ಮಾವಿನ ತೋಟ ಊರಿನಿಂದ ನಾಲ್ಕು ಮೈಲಿ. ಮಾವು ಕೊಯ್ಯುವ ಕಾಲ. ಆಳುಕಾಳು, ಬುಟ್ಟಿ, ಲಾರಿ, ಗದ್ದಲ. ತೋಟದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡವಿದೆ. ಬೋರಿನ ನೀರನ್ನು ಅದರಲ್ಲಿ ತುಂಬಿಟ್ಟು ಹನಿ ನೀರಾವರಿಗೆ ಬಿಡುತ್ತಾನೆ. ಹೊಂಡದ ನೀರು ಪಾಚಿಯಿಂದ ಗಿಳಿಹಸಿರು. ಮೊಮ್ಮಗಳು ಬೆಳಗ್ಗೆ ಅಳೆದಳು, ಎಂಟರೊಳಗಿತ್ತು. ಮಧ್ಯಾಹ್ನ ಮೂರಕ್ಕೆ ಅಳೆದಳು, ಶೀಶೆಯ ಕೊನೆಯ ಬಣ್ಣವನ್ನೂ ದಾಟಿತ್ತು. “ಭಾವ, ಇದೇನು ಮಾಟ?” ಎಂದ ನನ್ನ ಭಾವಮೈದುನ. ಪಾಚಿಯೂ ಗಿಡವೇ. ಬಿಸಿಲಿನಲ್ಲಿ ನೀರಿನೊಳಗಿನ ಇಂಗಾಲದ ಅನಿಲವನ್ನು ತಿಂದು ಅಂಕಿಯನ್ನು ಏರಿಸುತ್ತದೆ. ರಾತ್ರಿ ತಾನೂ ಉಸಿರಾಡಿ ಅನಿಲ ಬಿಟ್ಟು ಇಳಿಸುತ್ತದೆ. ಬಿಸಿಲು ಬೀಳುವ ಕಿಟಕಿಯ ಬಳಿ ತೊಟ್ಟಿ ಇಡಬಾರದೆನ್ನುವುದಕ್ಕೂ, ಪ್ರತಿಸಲವೂ ಒಂದೇ ಹೊತ್ತಿನಲ್ಲಿ ಅಳೆಯಬೇಕೆನ್ನುವುದಕ್ಕೂ ಇದೇ ಕಾರಣ.

ತೋಟ ಕಾಯುವವನ ಮಗಳು ನಮ್ಮ ಹುಡುಗಿಯ ವಯಸ್ಸಿನವಳು. ಇಬ್ಬರಿಗೂ ಒಂದೇ ದಿನದಲ್ಲಿ ಪ್ರಾಣಸ್ನೇಹ. ಆ ಮಗು ನಕ್ಕರೆ ಮುಂದಿನ ಹೊಸ ಹಲ್ಲುಗಳ ಮೇಲೆ ಸುಣ್ಣದ ಗೆರೆಗಳೂ ಅಲ್ಲಲ್ಲಿ ಕಂದು ಮಚ್ಚೆಗಳೂ ಕಾಣುತ್ತಿದ್ದವು. ಅದಕ್ಕೇ ಏನೋ, ನಗುವಾಗ ಕೈ ಅಡ್ಡ ಹಿಡಿಯುತ್ತಿತ್ತು. ಎರಡನೆಯ ಸಂಜೆ ಇಬ್ಬರೂ ಬೋರಿನ ಕೊಳಾಯಿಯ ಹತ್ತಿರ ಕುಳಿತು ನೀರು ಹಿಡಿದು ಹನಿ ಬಿಟ್ಟರು. ಆ ಕುಟುಂಬ ಕುಡಿಯುವುದು ಅದೇ ನೀರು. ಬಣ್ಣ ನಮ್ಮ ತೊಟ್ಟಿಯ ಬಣ್ಣವೇ. ಮೊಮ್ಮಗಳು ಓಡಿ ಬಂದು, “ತಾತ, ಇವರ ನೀರೂ ಸರಿಯಾಗಿದೆ. ನಮ್ಮ ಗಪ್ಪಿಯ ನೀರಿನ ಹಾಗೇ ಇದೆ” ಎಂದಳು.

ಆ ಮಗುವಿನ ಮುಖ ನೋಡಿದೆ. ಶೀಶೆ ಸುಳ್ಳು ಹೇಳಿರಲಿಲ್ಲ. ಕುಡಿಯುವ ನೀರಿಗೆ ಸರಕಾರದ ಪ್ರಮಾಣ ೬.೫ರಿಂದ ೮.೫, ಈ ನೀರು ಅದರೊಳಗೇ ಇತ್ತು. ಆದರೆ ಶೀಶೆಗೆ ಒಂದೇ ಪ್ರಶ್ನೆ ಗೊತ್ತು, ಹುಳಿಯೋ ಚೌಳೋ ಎಂದು. ನೀರಿನಲ್ಲಿ ಫ್ಲೋರೈಡು ಇದೆಯೇ ಎಂದು ಅದನ್ನು ಕೇಳಿದರೆ ಅದು ಮೂಕ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ನಮ್ಮ ಕಗ್ಗಲ್ಲಿನಲ್ಲಿ ಅದು ಹುದುಗಿದೆ. ಸುಣ್ಣದ ಅಂಶ ಇದ್ದಲ್ಲಿ ಅದನ್ನು ಕಟ್ಟಿಹಾಕುತ್ತದೆ. ಸುಣ್ಣ ಕಡಿಮೆಯಾಗಿ ಸೋಡದ ಅಂಶ ಹೆಚ್ಚಾದ ಚೌಳು ನೀರು ಕಲ್ಲಿನಿಂದ ಅದನ್ನು ಬಿಡಿಸಿಕೊಂಡು ಬರುತ್ತದೆ. ಬಾವಿಗಳು ಬತ್ತಿ ಕೊಳವೆ ಆಳಕ್ಕಿಳಿದಂತೆ ಕಲ್ಲಿನೊಡನೆ ಹೆಚ್ಚು ಕಾಲ ಕಳೆದ ನೀರು ನಮ್ಮ ಪಾಲಿಗೆ ಬಂತು. ಹಲ್ಲು ಮೂಡುವ ವಯಸ್ಸಿನ ಮಕ್ಕಳ ಮೇಲೆ ಅದರ ಗುರುತು ಮೊದಲು ಬೀಳುತ್ತದೆ. ವರ್ಷಗಟ್ಟಲೆ ಹೆಚ್ಚಾಗಿ ಕುಡಿದರೆ ಮೂಳೆ ಕೀಲುಗಳಿಗೂ ಇಳಿಯುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದ ಕಡೆ ಒಂದೂವರೆಯವರೆಗೆ ಸಹಿಸಬಹುದು ಎಂದು ಪ್ರಮಾಣ ಹೇಳುತ್ತದೆ.

ನನ್ನ ಭಾವಮೈದುನ ಮಾತು ಕಡಿಮೆಯ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ, ಮಾರನೆಯ ದಿನ ಮಾವಿನ ಲಾರಿಯ ಜೊತೆಗೆ ಒಂದು ಬಾಟಲಿ ನೀರನ್ನೂ ಪರೀಕ್ಷೆಗೆ ಕಳಿಸಿದ. ಕೆಲವು ದಿನಗಳ ಮೇಲೆ ಕಾಗದ ಬಂತು. ಪಿಎಚ್ ಎದುರಿಗೆ ‘ಮಿತಿಯೊಳಗೆ’ ಎಂದಿತ್ತು; ಫ್ಲೋರೈಡಿನ ಎದುರಿಗೆ ‘ಮಿತಿ ಮೀರಿದೆ’ ಎಂದಿತ್ತು. ಅಂದಿನಿಂದ ಹಳ್ಳಿಯ ಘಟಕದಿಂದ ತನ್ನ ಮನೆಗೆ ಬರುವ ಕ್ಯಾನುಗಳ ಜೊತೆಯಲ್ಲಿ ತೋಟದ ಮನೆಗೂ ಎರಡು ಕ್ಯಾನು ಹೋಗುತ್ತವೆ. ಮೂಡಿದ ಹಲ್ಲಿನ ಮಚ್ಚೆ ಅದರಿಂದ ಅಳಿಯುವುದಿಲ್ಲ. ಆ ಮನೆಯಲ್ಲಿ ಇನ್ನೂ ಹಾಲುಹಲ್ಲಿನ ತಮ್ಮನೊಬ್ಬನಿದ್ದಾನೆ.

ಒಂದು ಅಂಕಿ ಸರಿಯಿದ್ದಮಾತ್ರಕ್ಕೆ ನೀರು ಸರಿಯಿದೆ ಎನ್ನುವ ಚಟ ಮಕ್ಕಳದು ಮಾತ್ರವಲ್ಲ. ೨೦೧೮ರ ಜೂನಿನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರು ಎರಡನೆಯ ಹಂತದವರೆಗೆ ಶುದ್ಧಿಯಾಗಿ ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ವರ್ಷಗಟ್ಟಲೆ ಒಣಗಿದ್ದ ಕೆರೆಯಲ್ಲಿ ನೀರು ಕಂಡು ಪೂಜೆ ಮಾಡಿದವರೂ ಉಂಟು, ಮುಂದಿನ ತಿಂಗಳು ಕೆರೆಯ ಮೇಲೆ ನೊರೆ ಕಂಡು ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಉಂಟು. ಈ ನೀರು ಕುಡಿಯುವುದಕ್ಕಲ್ಲ, ಅಂತರ್ಜಲ ತುಂಬುವುದಕ್ಕೆ ಎಂಬುದು ಯೋಜನೆಯ ಮಾತು. ನೆಲದೊಳಗೆ ಇಳಿದ ನೀರು ಎಂದಾದರೊಂದು ದಿನ ಯಾರದೋ ಕೊಳವೆಯಲ್ಲಿ ಮೇಲೆ ಬರುತ್ತದೆ. ಕೆರೆ ತುಂಬಿದ್ದು ನನಗೂ ಸಂತೋಷವೇ. ಸಂತೋಷದ ಜೊತೆಯಲ್ಲಿ ಕೇಳುವ ಪ್ರಶ್ನೆಗಳು ಒಂದೇ ಶೀಶೆಯಲ್ಲಿ ಮುಗಿಯುವಂಥವಲ್ಲ. ಅವನ್ನು ಬಿಡದೆ, ವರ್ಷವರ್ಷವೂ ಕೇಳುತ್ತಿರಬೇಕು.

ಮೀನಿನ ತೊಟ್ಟಿ ಇಟ್ಟುಕೊಳ್ಳಬೇಕೆಂದಿರುವವರು ನನ್ನನ್ನು ಈಗ ಬಂದು ಕೇಳುವುದುಂಟು. ನಾನು ಹೇಳುವುದು ಹೆಚ್ಚೇನಿಲ್ಲ. ಮೀನು ತರುವ ಮುಂಚೆ ನಿಮ್ಮ ನೀರಿನ ಪರಿಚಯ ಮಾಡಿಕೊಳ್ಳಿ. ಒಂದು ದಿನ ಇಟ್ಟು ಅಳೆಯಿರಿ. ಅದಕ್ಕೆ ಒಗ್ಗುವ ಮೀನನ್ನು ತನ್ನಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ವಾರಕ್ಕೊಮ್ಮೆ ಐದರಲ್ಲೊಂದು ಪಾಲು ನೀರು ಬದಲಾಯಿಸಿ. ೪೦ ಲೀಟರಿನ ತೊಟ್ಟಿಗೆ ಅದು ಎಂಟು ಲೀಟರು, ಅರ್ಧ ಬಕೆಟ್ಟು. ಪುರಸಭೆಯ ಕ್ಲೋರಿನ್ ನೀರಾದರೆ ಅದನ್ನು ಕಳೆದು ಹಾಕಿ. ಅಂಕಿ ಅಲ್ಪಸ್ವಲ್ಪ ಪುಸ್ತಕಕ್ಕೆ ತಾಳೆಯಾಗದಿದ್ದರೆ ಸುಮ್ಮನಿರಿ; ಒಂದೇ ವಾರದಲ್ಲಿ ಅರ್ಧ ಅಂಕಿ ಜಾರಿದರೆ ಮಾತ್ರ ಏಕೆಂದು ಹುಡುಕಿ. ಮತ್ತು ಆ ಶೀಶೆಯನ್ನು ನಂಬಿ ಮನುಷ್ಯರಿಗೆ ನೀರು ಕೊಡಬೇಡಿ; ಅದಕ್ಕೆ ಬೇರೆ ಪರೀಕ್ಷೆಯಿದೆ, ಬಾಟಲಿಯೊಂದನ್ನು ತುಂಬಿ ಕಳಿಸುವಷ್ಟು ಶ್ರಮ ಅದಕ್ಕೆ ಸಾಕು.

ಪ್ರತಿ ಭಾನುವಾರ ಅರ್ಧ ಬಕೆಟ್ಟು ನೀರು ಕರಿಬೇವಿನ ಬುಡಕ್ಕೆ ಹೋಗುತ್ತದೆ. ಮೀನಿನ ನೀರಿನಲ್ಲಿ ಗಿಡಕ್ಕೆ ಬೇಕಾದ ಸಾರವಿರುವುದರಿಂದ ಗಿಡ ಮಾಳಿಗೆಯನ್ನು ಮುಟ್ಟಿದೆ. ನಮ್ಮ ಬೀದಿಯ ಮುಕ್ಕಾಲು ಮನೆಗಳ ಒಗ್ಗರಣೆಗೆ ಅದೇ ಎಲೆ. ನನ್ನಾಕೆ ಮೀನಿನ ವಿಷಯ ಈಗ ಏನೂ ಅನ್ನುವುದಿಲ್ಲ. ಯಾರಾದರೂ ಕರಿಬೇವು ಕೇಳಲು ಬಂದರೆ, “ಗಪ್ಪಿಯವರನ್ನು ಕೇಳಿ” ಎನ್ನುತ್ತಾಳೆ.